ಕಾರಿಗೆ ಟೈಟಾನಿಯಂ ಪಾರ್ಟ್: ಎಲ್ಲಿ ಹಾಕ್ಬೇಕು, ಲೇತ್ ಮ್ಯಾಲ ಹೆಂಗ ತಿರುಗಿಸ್ಬೇಕು, ಹೆಂಗ ಕೂಡಿಸ್ಬೇಕು

ಬೆಳಗಾವ್ಯಾಗ ಗಾಡಿ ಮಾಡಿಫೈ ಮಾಡ್ಸೋ ಹುಡುಗ್ರ ಬಾಯಾಗ ಈಗ ಟೈಟಾನಿಯಂದ ಮಾತು. ರವಿವಾರ ಮುಂಜಾನೆ ಚೋರ್ಲಾ ಘಾಟ್ ಇಲ್ಲಾ ಅಂಬೋಲಿ ಕಡೆ ಹೋಗಿ ಬರೋರು ಸೈಲೆನ್ಸರ್ ಟೈಟಾನಿಯಂದು ಬೇಕು, ವ್ಹೀಲ್ ನಟ್ ಟೈಟಾನಿಯಂದು ಬೇಕು ಅಂತಾರ, ಆನ್‌ಲೈನ್ ರೇಟ್ ನೋಡಿ ತುಟ್ಟಿ ಅನ್ನಿಸಿದ ಮ್ಯಾಲ ಸೀದಾ ನಮ್ಮ ಕಾರ್ಖಾನೆ ಏರಿಯಾ ಉದ್ಯಮಬಾಗಕ್ಕ ಇಲ್ಲಾ ಮಚ್ಛೆಗೆ ಬಂದು "ಕಾಕಾ, ಈ ಬೋಲ್ಟ್ ಟೈಟಾನಿಯಂದಾಗ ಮಾಡಿ ಕೊಡ್ರಿ" ಅಂತ ಲೇತ್ ಮುಂದ ನಿಂದರ್ತಾರ. ನಮ್ಮ ಊರಾಗ ಕ್ಯಾಸ್ಟ್ ಐರನ್ನೂ ಸ್ಟೀಲೂ ನೋಡ್ನೋಡ್ತಾ ತಿರುಗಿಸಿ ಒಗೆಯೋ ಕೈ ಬೇಕಾದಷ್ಟು ಅದಾವ, ಹೈಡ್ರಾಲಿಕ್ ಪಾರ್ಟ್ ಮೈಕ್ರಾನ್ ಲೆಕ್ಕದಾಗ ಮಾಡೋರು ಅದಾರ, ಹತ್ತರಗಿ ಎಸ್‌ಇಝಡ್‌ನಾಗ ವಿಮಾನದ ಪಾರ್ಟ್ ಮಾಡೋರೂ ಅದಾರ. ಹಂಗಾಗಿ ಈ ಕೆಲಸ ನಮ್ಮ ಕಡೆ ಆಗಂಗಿಲ್ಲ ಅನ್ನೋದು ಖರೇ ಅಲ್ಲ. ಆದ್ರ ಸ್ಟೀಲಿನ ರೂಢಿ ಇಟ್ಕೊಂಡು ಇದಕ್ಕ ಕೈ ಹಚ್ಚಿದ್ರ ಟೂಲೂ ಹೋಗ್ತೈತಿ, ಮಾಲೂ ಹೋಗ್ತೈತಿ, ಒಮ್ಮೊಮ್ಮೆ ಬೆಂಕಿನೂ ಹತ್ತತೈತಿ.

ಮೊದ್ಲು ಒಂದು ಮಾತು ತಲ್ಯಾಗ ಇಟ್ಕೋರಿ, ಮುಂದಿಂದೆಲ್ಲಾ ಇದರ ಮ್ಯಾಲ ನಿಂತೈತಿ. ಟೈಟಾನಿಯಂ ಕಾವು ಹರಿಯಾಕ ಬಿಡಂಗಿಲ್ಲ. ಎಲ್ಲಿ ಕಾವು ಹುಟ್ತೋ ಅಲ್ಲೇ ಕುಂದರತೈತಿ. ಗಾಡಿ ಕೆಲಸಕ್ಕ ಜಾಸ್ತಿ ಬಳಸೋ ಗ್ರೇಡ್ 5 ಅಂದ್ರ 6 ಪರ್ಸೆಂಟ್ ಅಲ್ಯೂಮಿನಿಯಂ, 4 ಪರ್ಸೆಂಟ್ ವೆನೇಡಿಯಂ ಕೂಡಿದ ಮಾಲು, ಅದು ಸಾದಾ ಸ್ಟೀಲ್ ಸಾಗಿಸೋ ಕಾವಿನ ಏಳನೇ ಒಂದು ಪಾಲಷ್ಟ ಸಾಗಿಸ್ತೈತಿ. ಲೇತ್ ಮ್ಯಾಲ ಇನ್ಸರ್ಟ್ (ಟೂಲ್ ತುದಿಗೆ ಕೂಡ್ಸೋ, ಮಾಲು ಕತ್ತರಿಸೋ ತುಂಡು) ಸುಡೋದಕ್ಕೂ ಇದ ಕಾರಣ, ಡ್ರಿಲ್ ನೀಲಿ ಆಗೋದಕ್ಕೂ ಇದ ಕಾರಣ, ಚಿಪ್ಸ್‌ಗೆ (ಅಂದ್ರ ಕತ್ತರಿಸಿ ಬೀಳೋ ಚೂರಿಗೆ) ಬೆಂಕಿ ಹತ್ತೋದಕ್ಕೂ ಇದ.

ಈಗ ಯಾವ ಪಾರ್ಟ್ ಅನ್ನೋದು. ಗ್ರೇಡ್ 5 ಒಂದು ಸಿಸಿಗೆ 4.43 ಗ್ರಾಂ, ಸ್ಟೀಲ್ 7.85, ಅಲ್ಯೂಮಿನಿಯಂ 2.7. ಅಂದ್ರ ಸ್ಟೀಲ್ ತಗದು ಟೈಟಾನಿಯಂ ಹಾಕಿದ್ರ ವಜ್ಜೆ ಹತ್ತಿರ ಹತ್ತಿರ ಅರ್ಧಕ್ಕ ಬರ್ತೈತಿ, ಅಲ್ಯೂಮಿನಿಯಂ ತಗದು ಹಾಕಿದ್ರ ವಜ್ಜೆ ಜಾಸ್ತಿನ ಆಗ್ತೈತಿ. ಇದನ್ನ ಭಾಳ ಮಂದಿ ವಿಚಾರ ಮಾಡಂಗಿಲ್ಲ, ಅಲ್ಯೂಮಿನಿಯಂ ಬ್ರಾಕೆಟ್ ತಂದು ಇದನ್ನ ಟೈಟಾನಿಯಂದಾಗ ಮಾಡ್ರಿ ಅಂತಾರ. ಕಂಪನಿಯವ್ರು ಇದನ್ನ ಎಲ್ಲಿ ಬಳಸ್ಯಾರ ನೋಡ್ರಿ, ಅದರಾಗ ಎಲ್ಲಾ ತಿಳೀತೈತಿ. ಹೋಂಡಾ 1990ರ ಎನ್‌ಎಸ್‌ಎಕ್ಸ್‌ನಾಗ ಕನೆಕ್ಟಿಂಗ್ ರಾಡ್ ಟೈಟಾನಿಯಂದು ಹಾಕ್ತು, ಯಾಕಂದ್ರ ರಾಡ್ ಹಗೂರಾದ್ರ ಇಂಜಿನ್ ಇನ್ನೂ ಮ್ಯಾಲಿನ ಆರ್‌ಪಿಎಂ ತಡೀತೈತಿ. ಟೊಯೋಟಾ 1998ರ ಆಲ್ಟೆಝಾದಾಗ ವಾಲ್ವ್ ಹಾಕ್ತು, ಅದೂ ಮ್ಯಾಲ ಕೆಳಗ ಬಡಕೊಳ್ಳೋ ಪಾರ್ಟ. 2001ರ ಕಾರ್ವೆಟ್ ಝಡ್‌06ಗೆ ಸೈಲೆನ್ಸರ್ ಬಂತು. ಫೋಕ್ಸ್‌ವ್ಯಾಗನ್ ಲುಪೋ ಎಫ್‌ಎಸ್‌ಐಗೆ ಹಿಂದಿನ ಸಸ್ಪೆನ್ಶನ್ ಸ್ಪ್ರಿಂಗ್ ಹಾಕಿದ್ರು. ಬುಗಾಟಿ 2018ರಾಗ 3ಡಿ ಪ್ರಿಂಟ್ ಮಾಡಿ ಬ್ರೇಕ್ ಕ್ಯಾಲಿಪರ್ ತೋರಿಸ್ತು, 2.9 ಕೆಜಿ, ಅಲ್ಯೂಮಿನಿಯಂದು 4.9 ಕೆಜಿ ಇತ್ತು. ಇಲ್ಲಿ ಅಲ್ಯೂಮಿನಿಯಂಗಿಂತ ಹಗೂರಾಗಿದ್ದು ಮಾಲಿನಿಂದ ಅಲ್ರಿ, ಗಟ್ಟಿ ಇರೋ ಮಾಲಾದ್ದರಿಂದ ಗ್ವಾಡಿ ತೆಳ್ಳಗ ಮಾಡಿ ಒಳಗ ಟೊಳ್ಳ ಬಿಡಾಕ ಬಂತು. ಡಿಸೈನ್ ಹಂಗ ಇಟ್ಟು ಬರೇ ಮಾಲು ಬದಲಿ ಮಾಡಿದ್ರ ಈ ಲಾಭ ಸಿಗಂಗಿಲ್ಲ.

ಅಂದ್ರ ಓಡಾಡೋ ಪಾರ್ಟ್, ಸ್ಪ್ರಿಂಗ್, ಸೈಲೆನ್ಸರ್ ಪೈಪು, ಇವಕ್ಕ ಹಾಕೋದ್ರಾಗ ಅರ್ಥ ಐತಿ. ಬ್ರೇಕ್ ಡಿಸ್ಕ್‌ಗೆ ಬ್ಯಾಡ, ಡಿಸ್ಕಿನ ಕೆಲಸನ ಕಾವು ನುಂಗಿ ಹೊರಗ ಬಿಡೋದು, ಇದು ಬಿಡಂಗಿಲ್ಲ. ಗೇರು, ಕ್ಯಾಮ್, ಬುಷ್, ಉಜ್ಜಾಡೋ ಜಾಗಾ ಯಾವುದಕ್ಕೂ ಬರೀ ಟೈಟಾನಿಯಂ ಬ್ಯಾಡ, ಕೋಟಿಂಗ್ ಇಲ್ದ ಉಜ್ಜಿದ್ರ ಮೆಟಲ್ ಮೆಟಲ್‌ಗೆ ಹತ್ತಿ ಹರಕೊಂಡು ಬರ್ತೈತಿ. ಕನೆಕ್ಟಿಂಗ್ ರಾಡು, ವಾಲ್ವು ನಮ್ಮ ಲೇತ್ ಕೆಲಸ ಅಲ್ಲ, ಅವು ಫೋರ್ಜ್ ಆಗ್ಬೇಕು, ಕೋಟಿಂಗ್ ಆಗ್ಬೇಕು, ಟೆಸ್ಟ್ ಆಗ್ಬೇಕು. ಅದನ್ನ ಕೇಳಿ ಬಂದ್ರ ನೇರ ಇಲ್ಲಂತ ಹೇಳ್ರಿ.

ಸೈಲೆನ್ಸರ್ ಪೂರಾ ಟೈಟಾನಿಯಂದು ಬೇಕಂತ ಹಠ ಮಾಡೋರಿಗೆ ಇದನ್ನ ತಿಳಿಸಿ ಹೇಳ್ರಿ. ಇಂಜಿನ್ ಬಾಯಿ ಕಡೆ ಪೆಟ್ರೋಲ್ ಗಾಡಿ ಹೊಗಿ ಜೋರ್ ಹೊಡದಾಗ 800 ಡಿಗ್ರಿ ಮ್ಯಾಲ ಹೋಗ್ತೈತಿ. ಸಾದಾ ಗ್ರೇಡ್ 2 ಪೈಪು 400 ಡಿಗ್ರಿ ದಾಟಿದ್ರನ ಮೆತ್ತಗ ಆಗಾಕ ಸುರು ಮಾಡ್ತೈತಿ, ಇನ್ನೂ ಕಾದ್ರ ಗಾಳ್ಯಾಗಿನ ಆಕ್ಸಿಜನ್ ಎಳಕೊಂಡು ಮ್ಯಾಲಿನ ಪದರ ಬಿರುಸಾಗಿ ಸಣ್ಣ ಸಣ್ಣ ಬಿರುಕು ಬಿಡ್ತೈತಿ. ಹಂಗಾಗಿ ಹೆಡರು (ಇಂಜಿನ್ ಬಾಯಿಗೆ ಕೂಡೋ ಪೈಪು) ಸ್ಟೇನ್‌ಲೆಸ್ ಇರ್ಲಿ, ಕ್ಯಾಟಲಿಟಿಕ್ ಕನ್ವರ್ಟರ್ ಕಂಪನಿದು ಹಂಗ ಇರ್ಲಿ, ಅದರ ಹಿಂದಿನ ಪೈಪು ಮತ್ತ ಮಫ್ಲರ್ ಅಷ್ಟ ಟೈಟಾನಿಯಂ ಮಾಡ್ರಿ. ಸ್ಟೇನ್‌ಲೆಸ್‌ನಾಗ 12 ಕೆಜಿ ಆಗೋ ಪೈಪು ಅದ ದಪ್ಪದಾಗ ಟೈಟಾನಿಯಂನಾಗ 7 ಕೆಜಿ ಒಳಗ ಬರ್ತೈತಿ.

ಬೋಲ್ಟಿನ ಮಾತು ಬ್ಯಾರೆ, ಇದನ್ನ ಗಂಭೀರ ತಗೋರಿ. ಟೈಟಾನಿಯಂ ಅಂದ್ರ ಸ್ಟೀಲ್‌ಗಿಂತ ಗಟ್ಟಿ ಅಂತ ಮಂದಿ ತಿಳ್ಕೊಂಡಾರ. ಗ್ರೇಡ್ 5 ಜಗ್ಗಿದ್ರ ಹರಿದು ಹೋಗೋದು ಸುಮಾರು 900 ರಿಂದ 950 ಎಂಪಿಎಗೆ (ಒಂದು ಚದರ ಮಿ.ಮೀ. ಮ್ಯಾಲ ಬೀಳೋ ಜಗ್ಗಾಟದ ಲೆಕ್ಕ). ತಲಿ ಮ್ಯಾಲ 8.8 ಬರ್ದಿರೋ ಸ್ಟೀಲ್ ಬೋಲ್ಟ್ 800, 10.9 ಬರ್ದಿದ್ದು 1000, 12.9 ಬರ್ದಿದ್ದು 1200. ಅಂದ್ರ ನಮ್ಮ ಟೈಟಾನಿಯಂ ಬೋಲ್ಟ್ 8.8ಕ್ಕಿಂತ ಮ್ಯಾಲ, 10.9ಕ್ಕಿಂತ ಕೆಳಗ. ಸಸ್ಪೆನ್ಶನ್, ಸ್ಟೀರಿಂಗ್, ಬ್ರೇಕ್ ಕ್ಯಾಲಿಪರ್, ಸೀಟ್ ಬೆಲ್ಟ್, ಫ್ಲೈವ್ಹೀಲ್, ಇಲ್ಲೆಲ್ಲಾ ಕಂಪನಿ ಹಾಕಿದ ಬೋಲ್ಟ ಇರ್ಲಿ. ವ್ಹೀಲ್ ಬೋಲ್ಟ್, ವ್ಹೀಲ್ ನಟ್ ಲೇತ್ ಮ್ಯಾಲ ಥ್ರೆಡ್ ಕತ್ತರಿಸಿ ಕೊಡೋದು ಪೂರಾ ತಪ್ಪು ಅನ್ನೋದು ನನ್ನ ಅಭಿಪ್ರಾಯ, ಯಾಕಂದ್ರ ಟೈಟಾನಿಯಂಗೆ ಚೂಪನ್ನ ಮೂಲಿ ಅಂದ್ರ ಆಗಂಗಿಲ್ಲ, ಥ್ರೆಡ್ಡಿನ ಬುಡದಾಗ ಬಿರುಕು ಹುಟ್ಟಿ ದಿನಾ ಸ್ವಲ್ಪ ಸ್ವಲ್ಪ ಬೆಳೀತೈತಿ, ಅದಕ್ಕ ಚೊಲೊ ಬೋಲ್ಟ್ ಮಾಡೋರು ಥ್ರೆಡ್ ಕತ್ತರಿಸಂಗಿಲ್ಲ, ಒತ್ತಿ ರೋಲ್ ಮಾಡ್ತಾರ. ನಮ್ಮ ಲೇತ್ ಮ್ಯಾಲ ಇಂಜಿನ್ ಕವರ್ ಬೋಲ್ಟು, ಹೀಟ್ ಶೀಲ್ಡ್ ಬೋಲ್ಟು, ಸ್ಪೇಸರು, ಗೇರ್ ನಾಬು, ಸೈಲೆನ್ಸರ್ ಬ್ರಾಕೆಟ್ಟು ಇಷ್ಟು ಧೈರ್ಯದಿಂದ ಮಾಡ್ರಿ. ಇನ್ನೊಂದು, ಮೋಟರ್ ವೆಹಿಕಲ್ಸ್ ಆ್ಯಕ್ಟ್ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕ ಬ್ಯಾರೆ ಆಗೋ ಹಂಗ ಗಾಡಿ ಬದಲಿ ಮಾಡಾಕ ಬರಂಗಿಲ್ಲ, ಸೈಲೆನ್ಸರ್ ಆವಾಜ್ ಜಾಸ್ತಿ ಆದ್ರ ಪೊಲೀಸ್ರು ಹಿಡೀತಾರ. ಕೆಲಸ ಹಿಡಿಯೋ ಮುಂಚೆ ಗಿರಾಕಿಗೆ ಹೇಳಿ ಬಿಡ್ರಿ.

ಮಾಲು ಖರೀದಿ ಮಾಡೋ ಮುಂದ ಗ್ರೇಡ್ ಕೇಳ್ರಿ. ಗ್ರೇಡ್ 2 ಅಂದ್ರ ಬರೀ ಟೈಟಾನಿಯಂ, ಮೆತ್ತಗ, ಬಾಗಿಸಾಕ ವೆಲ್ಡ್ ಮಾಡಾಕ ಚೊಲೊ, ಪೈಪಿಗೆ ಇದ. ಗ್ರೇಡ್ 9 ಅದಕ್ಕಿಂತ ಗಟ್ಟಿ ಪೈಪಿಗೆ. ಗ್ರೇಡ್ 5 ಬಾರು, ಬೋಲ್ಟಿಗೆ. ಹೀಟ್ ನಂಬರ್ (ಯಾವ ಸಲ ಕರಗಿಸಿದ ಮಾಲು ಅನ್ನೋ ನಂಬರ್) ಇರೋ ಮಿಲ್ ಟೆಸ್ಟ್ ಸರ್ಟಿಫಿಕೇಟ್ ಇಲ್ದ ತಗೋಬ್ಯಾಡ್ರಿ. ಇನ್ನ ರೆಡಿ ಸಿಗೋ ನೀಲಿ ನೇರಳೆ ಬಣ್ಣದ ನಟ್ಟುಗಳಾಗ ಭಾಳಷ್ಟು ಬರೀ ಸ್ಟೀಲ್ ಮ್ಯಾಲ ಬಣ್ಣ. ಅಯಸ್ಕಾಂತ ಹಿಡಿದು ನೋಡ್ರಿ, ಹತ್ತಿದ್ರ ಅದು ಟೈಟಾನಿಯಂ ಅಲ್ಲ. ಹತ್ತಲಿಲ್ಲಂದ್ರ ಇನ್ನೂ ನಂಬಬ್ಯಾಡ್ರಿ, ಯಾಕಂದ್ರ 304 ಸ್ಟೇನ್‌ಲೆಸ್ಸೂ ಅಲ್ಯೂಮಿನಿಯಮ್ಮೂ ಹತ್ತಂಗಿಲ್ಲ.

ಅದಕ್ಕ ನೀರಿನ ಪರೀಕ್ಷೆ ಮಾಡ್ರಿ, ಇದಕ್ಕ ಒಂದು ಡಿಜಿಟಲ್ ತಕ್ಕಡಿ ಸಾಕು. ಪಾರ್ಟಿನ ವಜ್ಜೆ ಬರ್ಕೋರಿ. ಆಮ್ಯಾಲ ನೀರು ತುಂಬಿದ ಗ್ಲಾಸ್ ತಕ್ಕಡಿ ಮ್ಯಾಲ ಇಟ್ಟು ಸೊನ್ನೆ ಮಾಡ್ರಿ, ಪಾರ್ಟಿಗೆ ದಾರ ಕಟ್ಟಿ ಪೂರಾ ಮುಳುಗೋ ಹಂಗ ಆದ್ರ ತಳಕ್ಕ ತಾಗದ ಹಂಗ ನೀರಾಗ ಇಳಿಬಿಡ್ರಿ, ಈಗ ತಕ್ಕಡಿ ತೋರ್ಸೋ ಗ್ರಾಂ ಎಷ್ಟೋ ಅಷ್ಟು ಸಿಸಿ ಆ ಪಾರ್ಟು. ವಜ್ಜೆಯನ್ನ ಅದರಿಂದ ಭಾಗಿಸ್ರಿ. 44 ಗ್ರಾಂ ಪಾರ್ಟಿಗೆ 10 ಗ್ರಾಂ ತೋರಿಸಿದ್ರ 4.4, ಟೈಟಾನಿಯಂ ಸರಿ. 8 ಹತ್ತಿರ ಬಂದ್ರ ಸ್ಟೇನ್‌ಲೆಸ್, 2.7 ಬಂದ್ರ ಅಲ್ಯೂಮಿನಿಯಂ. ಗಾಳಿ ಗುಳ್ಳಿ ಅಂಟಿಕೊಂಡಿದ್ರ ಲೆಕ್ಕ ತಪ್ಪತೈತಿ, ಅಲ್ಲಾಡಿಸಿ ತಗೀರಿ. ಗ್ರೈಂಡರ್‌ಗೆ ಹಿಡಿದ್ರ ಕಣ್ಣು ಕುಕ್ಕೋ ಬೆಳ್ಳನ್ನ ಕಿಡಿ ಬರ್ತಾವ, ಅದೂ ಒಂದು ಗುರುತು, ಆದ್ರ ಅದನ್ನ ತುಂಡಿನ ಮ್ಯಾಲ ಮಾಡ್ರಿ, ಫಿನಿಶ್ ಪಾರ್ಟ್ ಮ್ಯಾಲ ಬ್ಯಾಡ.

ಫೌಂಡ್ರಿ ಊರು ನಮ್ಮದು, ಹಂಗಾಗಿ ಒಂದು ಪ್ರಶ್ನಿ ಬಂದ ಬರ್ತೈತಿ, ಬಾರು ತಂದು ಯಾಕ ತಿರುಗಿಸ್ಬೇಕು, ಇಲ್ಲೇ ಕರಗಿಸಿ ಎರಕ ಹೊಯ್ಯಾಕ ಬರಂಗಿಲ್ಲೇನು? ಬರಂಗಿಲ್ಲ. ಟೈಟಾನಿಯಂ ಕರಗೋದು 1668 ಡಿಗ್ರಿಗೆ, ಆದ್ರ ಖರೇ ತ್ರಾಸು ಆ ಕಾವು ಅಲ್ಲ. ಕರಗಿದ ಟೈಟಾನಿಯಂ ಗಾಳ್ಯಾಗಿನ ಆಕ್ಸಿಜನ್, ನೈಟ್ರೋಜನ್ ಎರಡನ್ನೂ ಎಳಕೊಳ್ತೈತಿ, ಫರ್ನೇಸಿನ ಲೈನಿಂಗ್ ತಿಂತೈತಿ, ಮೋಲ್ಡಿನ ಉಸುಕಿನಾಗಿನ ಆಕ್ಸಿಜನ್ನೂ ಕಿತ್ಕೊಂಡು ಬಿರುಸಾಗ್ತೈತಿ. ವ್ಯಾಕ್ಯೂಮ್ ಒಳಗ, ನೀರು ಹರಿಯೋ ತಾಮ್ರದ ಮೂಸ್ಯಾಗ ಕರಗಿಸ್ಬೇಕು. ತುಟ್ಟಿ ಯಾಕ ಅನ್ನೋದಕ್ಕೂ ಇದರಾಗ ಉತ್ತರ ಐತಿ. ಅದಿರು ನಮ್ಮ ದೇಶದ ಸಮುದ್ರ ದಂಡಿ ಉಸುಕಿನಾಗ ಬೇಕಾದಷ್ಟು ಐತಿ, ಕೇರಳದ ಚವರಾದಾಗ ಟೈಟಾನಿಯಂ ಸ್ಪಾಂಜ್ (ಅದಿರಿನಿಂದ ಮೊದ್ಲು ಸಿಗೋ ತೂತು ತೂತಿನ ಮೆಟಲ್) ಫ್ಯಾಕ್ಟರಿನೂ ಐತಿ, ಆದ್ರ ಅದಿರನ್ನ ಕ್ಲೋರಿನ್ ಜೋಡಿ ಕೂಡಿಸಿ, ಆಮ್ಯಾಲ ಮೆಗ್ನೀಶಿಯಂನಿಂದ ಮೆಟಲ್ ಬಿಡಿಸೋ ಕ್ರೋಲ್ ಪದ್ಧತಿ ಒಂದು ಸಲಕ್ಕ ಒಂದು ಪಾತ್ರಿ ಅನ್ನೋ ಹಂಗ ದಿನಗಟ್ಲೆ ನಡೀತೈತಿ, ಬ್ಲಾಸ್ಟ್ ಫರ್ನೇಸ್ ಹಂಗ ಹರೀತಾ ಬರಂಗಿಲ್ಲ.

ಲೇತ್ ಕೆಲಸಕ್ಕ ಬರೂಣು. ಸ್ಪೀಡ್ ಕಡಿಮಿ, ಫೀಡ್ (ಟೂಲ್ ಮುಂದ ಸರಿಯೋದು) ನಿಲ್ಲಿಸ್ಬ್ಯಾಡ್ರಿ, ಕೂಲಂಟ್ ಧಾರಾಳ, ಟೂಲ್ ಚೂಪು. ಗ್ರೇಡ್ 5ಗೆ ಕಾರ್ಬೈಡ್ ಇನ್ಸರ್ಟ್ ಇದ್ರ ನಿಮಿಷಕ್ಕ 45 ಮೀಟರ್ ಹತ್ತಿರ ಸುರು ಮಾಡ್ರಿ, ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್ ಟೂಲ್) ಇದ್ರ 10 ಮೀಟರ್. 20 ಮಿ.ಮೀ. ಬಾರಿಗೆ 45 ಮೀಟರ್ ಅಂದ್ರ ಸುಮಾರು 700 ಆರ್‌ಪಿಎಂ ಆಗ್ತೈತಿ, ಲೆಕ್ಕ ಸರಳ ಐತಿ, ಸ್ಪೀಡನ್ನ 1000ಕ್ಕ ಗುಣಿಸಿ 3.14 ಮತ್ತ ವ್ಯಾಸದ ಗುಣಾಕಾರದಿಂದ ಭಾಗಿಸ್ರಿ. ಫೀಡ್ ಒಂದು ಸುತ್ತಿಗೆ 0.1 ರಿಂದ 0.2 ಮಿ.ಮೀ. ಇಡ್ರಿ. ಇನ್ಸರ್ಟ್ ಕೆ ಗ್ರೇಡಿನ ಕೋಟಿಂಗ್ ಇಲ್ಲದ್ದು, ಅಲ್ಯೂಮಿನಿಯಂಗೆ ಬಳಸ್ತೀವಲ್ಲ ಆ ಥರ ಚೂಪ್ ಅಂಚಿನ ಪಾಸಿಟಿವ್ ರೇಕ್ ಇರೋದು ಚೊಲೊ ನಡೀತೈತಿ. ಸ್ಪೀಡ್ ಆಸೆಗೆ ಬೀಳಬ್ಯಾಡ್ರಿ, ಸ್ವಲ್ಪ ಏರಿಸಿದ್ರ ಟೂಲ್ ಲೈಫ್ ಧಪ್ಪಂತ ಇಳೀತೈತಿ, ಯಾಕಂದ್ರ ಸ್ಟೀಲ್‌ನಾಗ ಕಾವು ಚಿಪ್ಸ್ ಜೋಡಿ ಹೊರಗ ಹೋಗ್ತೈತಿ, ಇಲ್ಲಿ ಬಹುಪಾಲು ಟೂಲ್ ತುದಿಗೇ ಬಂದು ಸೇರತೈತಿ.

ಟೂಲ್ ಕೆಲಸದ ಮ್ಯಾಲ ಸುಮ್ಮನ ಉಜ್ಜುತ ನಿಂದ್ರಬಾರದು. ಕಟ್ ಆಗ್ಬೇಕು ಇಲ್ಲಾ ದೂರ ಸರೀಬೇಕು. ನಡಕ ನಿಂತು ಉಜ್ಜಿದ್ರ ಆ ಜಾಗಾ ಬಿರುಸಾಗಿ ಮುಂದಿನ ಪಾಸ್‌ನಾಗ ಟೂಲ್ ಮೂಗು ಹಾರ್ತೈತಿ, ಹಂಗಾಗಿ ಭಾಳ ತೆಳ್ಳಗಿನ ಕಟ್ ಹಚ್ಚಿ ಹೊಳ್ಳಿ ಹೊಳ್ಳಿ ಓಡಿಸೋದಕ್ಕಿಂತ ಒಂದು ಸರಿ ಆಳದ ಕಟ್ ತಗೊಂಡು ಮುಗಿಸೋದು ಚೊಲೊ. ಇನ್ನೊಂದು ತ್ರಾಸು, ಇದರ ಸ್ಟಿಫ್‌ನೆಸ್ ಸ್ಟೀಲಿನ ಅರ್ಧಕ್ಕಿಂತ ಸ್ವಲ್ಪ ಮ್ಯಾಲ ಅಷ್ಟ, ಸುಮಾರು 114 ಜಿಪಿಎ (ಒಂದು ಜಿಪಿಎ ಅಂದ್ರ ಸಾವಿರ ಎಂಪಿಎ), ಸ್ಟೀಲ್‌ಗೆ 200ರ ಮ್ಯಾಲ. ಉದ್ದ ಸಣ್ಣ ಬಾರು ಟೂಲಿನಿಂದ ದೂರ ಬಾಗಿ ನಡುಗತೈತಿ. ಚಕ್‌ನಿಂದ ಕಡಿಮಿ ಹೊರಗ ಬಿಡ್ರಿ, ಟೇಲ್‌ಸ್ಟಾಕ್ ಸೆಂಟರ್ ಕೊಡ್ರಿ, ಹಳೇ ಲೇತ್ ಇದ್ರ ಗಿಬ್ (ಸ್ಲೈಡಿನ ಸಡಿಲ ತಗಿಯೋ ಪಟ್ಟಿ) ಬಿಗಿ ಮಾಡ್ಕೊಂಡು ಸುರು ಮಾಡ್ರಿ.

ಡ್ರಿಲ್ಲಿಗೆ ಕೋಬಾಲ್ಟ್ ಎಚ್‌ಎಸ್‌ಎಸ್ ತಗೋರಿ, 8 ಮಿ.ಮೀ. ಡ್ರಿಲ್ಲಿಗೆ 400 ಆರ್‌ಪಿಎಂ ಸಾಕು, ಮ್ಯಾಲ ಎತ್ತಿ ಚಿಪ್ಸ್ ಹೊರಗ ಹಾಕ್ರಿ, ತಳದಾಗ ತಿರುಗಿಸ್ತಾ ನಿಂದ್ರಬ್ಯಾಡ್ರಿ. ಟ್ಯಾಪ್ ಹೊಡಿಯೋದು ಎಲ್ಲಾಕಿಂತ ಕಷ್ಟದ್ದು, ಮೆಟಲ್ ಟ್ಯಾಪನ್ನ ಹೊಳ್ಳಿ ಹಿಡಕೊಳ್ತೈತಿ, ತೂತು ಟೇಬಲ್‌ನಾಗ ಇರೋದ್ಕಿಂತ ಒಂಚೂರು ದೊಡ್ಡದು ಇಟ್ರ ಥ್ರೆಡ್ ಪೂರಾ ತುಂಬಲಿಲ್ಲಂದ್ರೂ ಬಲ ಸಾಕಾಗ್ತೈತಿ, ಟ್ಯಾಪ್ ಮುರಿಯಂಗಿಲ್ಲ. ತೊಳಿಯಾಕ ಅಸಿಟೋನ್ ಬಳಸ್ರಿ, ಕ್ಲೋರಿನ್ ಇರೋ ಕ್ಲೀನರ್ ಬ್ಯಾಡ, ಮುಂದ ಕಾದಾಗ ಬಿರುಕು ಹುಟ್ಟಿಸ್ತೈತಿ.

ಬೆಂಕಿ ಮಾತು ಪೂರಾ ಓದ್ರಿ, ಹೆಲ್ಪರ್ ಹುಡುಗ್ರಿಗೂ ಓದಿ ಹೇಳ್ರಿ. ದಪ್ಪನ್ನ ಬಾರಿಗೆ ಬೆಂಕಿ ಹತ್ತಂಗಿಲ್ಲ, ಆದ್ರ ಕೂದಲೆಳಿ ಹಂಗ ಬರೋ ಚಿಪ್ಸಿಗೆ, ಗ್ರೈಂಡಿಂಗ್ ಪುಡಿಗೆ ಸಹಜ ಹತ್ತತೈತಿ. ಮೊಂಡ ಟೂಲು, ಒಣಾ ಕಟ್ಟು, ಲೇತ್ ತಳದಾಗ ಗುಡ್ಡಿ ಬಿದ್ದ ಚಿಪ್ಸು, ಈ ಮೂರು ಕೂಡಿದ್ರ ಸಾಕು. ಹತ್ತಿದಾಗ ನೀರು ಸುರುವಿದ್ರ ಆ ಕಾವಿಗೆ ನೀರು ಒಡದು ಹೈಡ್ರೋಜನ್ ಬರ್ತೈತಿ, ಧಡ್ ಅಂತ ಸಿಡೀತೈತಿ. ಗ್ವಾಡಿಗೆ ತೂಗ ಹಾಕಿರೋ ಸಿಓ2 ಸಿಲಿಂಡರೂ ಕೆಲಸಕ್ಕ ಬರಂಗಿಲ್ಲ, ಟೈಟಾನಿಯಂ ಅದರೊಳಗೂ ಉರೀತೈತಿ, ನೈಟ್ರೋಜನ್‌ನಾಗೂ ಉರೀತೈತಿ. ಬೇಕಾಗಿದ್ದು ಮೆಟಲ್ ಬೆಂಕಿಗೆ ಇರೋ ಕ್ಲಾಸ್ ಡಿ ಪೌಡರ್, ಇಲ್ಲಾ ಪೂರಾ ಒಣಗಿದ ಉಸುಕು. ಪೂರಾ ಒಣಗಿದ್ದು ಅನ್ನೋದು ಒತ್ತಿ ಹೇಳ್ತೀನಿ, ನಮ್ಮ ಮಳಿಗಾಲದಾಗ ಹೊರಗಿಟ್ಟ ಉಸುಕು ತಂಪ ಇರ್ತೈತಿ, ಅದನ್ನ ಹಾಕಿದ್ರ ನೀರು ಹಾಕಿದಂಗ ಆಗ್ತೈತಿ. ಮುಚ್ಚಳ ಇರೋ ಡಬ್ಬ್ಯಾಗ ಉಸುಕು ತುಂಬಿ ಲೇತ್ ಬಾಜೂಕ ಇಡ್ರಿ, ಮ್ಯಾಲ ನಿಧಾನ ಸುರುವಿ ಮುಚ್ಚಿ ತಣ್ಣಗಾಗೋ ತನಕ ಬಿಡ್ರಿ, ಕೆದರಬ್ಯಾಡ್ರಿ. ಗ್ರೈಂಡಿಂಗ್ ಮಾಡೋ ಜಾಗದಾಗ ಅಲ್ಯೂಮಿನಿಯಂ ಪುಡಿ, ಕಬ್ಬಿಣದ ತುಕ್ಕು ಬಿದ್ದಿದ್ರ ಮೊದ್ಲ ಬಳದು ತಗೀರಿ.

ವೆಲ್ಡಿಂಗ್ ನಾವು ಆರ್ಗಾನ್ ಅಂತೀವಲ್ಲ ಆ ಟಿಗ್‌ನಿಂದನ ಮಾಡ್ಬೇಕು, ಆದ್ರ ಸ್ಟೇನ್‌ಲೆಸ್‌ಗೆ ಮಾಡಿದಂಗ ಮಾಡಿದ್ರ ಆಗಂಗಿಲ್ಲ. 430 ಡಿಗ್ರಿ ಮ್ಯಾಲ ಇರೋ ತನಕ ಟೈಟಾನಿಯಂ ಗಾಳಿ ಕುಡೀತೈತಿ, ಹಂಗಾಗಿ ಟಾರ್ಚ್ ಮುಂದ ಹೋದ ಮ್ಯಾಲೂ ಹಿಂದಿನ ಬಿಸಿ ಜಾಗಕ್ಕ ಆರ್ಗಾನ್ ಬೇಕು, ಪೈಪಿನ ಒಳಗೂ ಬೇಕು. ದೊಡ್ಡ ಕಪ್ಪು, ಹಿಂದ ಎಳಕೊಂಡು ಬರೋ ಶೀಲ್ಡು, ಎರಡೂ ಬಾಯಿಗೆ ಟೇಪ್ ಹಚ್ಚಿ ಒಳಗ ಆರ್ಗಾನ್ ಪರ್ಜ್ ಮಾಡೋದು, ಇಷ್ಟೂ ಆಗ್ಬೇಕು. ಗ್ಯಾಸ್ 99.995 ಪರ್ಸೆಂಟ್ ಶುದ್ಧ ಇರೋದು ತಗೋರಿ. ಬಾಗಲ, ಫ್ಯಾನ್ ಬಂದ್ ಮಾಡ್ರಿ. ವೆಲ್ಡ್ ಬಣ್ಣ ನೋಡಿ ತೀರ್ಮಾನ ಮಾಡಾಕ ಬರ್ತೈತಿ. ಬೆಳ್ಳಿ ಹಂಗ ಹೊಳೆದ್ರ ಚೊಲೊ, ತೆಳು ಹುಲ್ಲಿನ ಬಣ್ಣ ಇದ್ರ ನಡೀತೈತಿ, ನೀಲಿ ಬಂದ್ರ ಗಾಳಿ ಹೊಕ್ಕೈತಿ ಅಂತ ಅರ್ಥ, ಬೂದಿ ಇಲ್ಲಾ ಬೆಳ್ಳನ್ನ ಪುಡಿ ಬಂದ್ರ ಕತ್ತರಿಸಿ ಒಗೀರಿ. ಫೋಟೋದಾಗ ನೀಲಿ ವೆಲ್ಡ್ ನೋಡಿ ಗಿರಾಕಿ ಅದ ಬೇಕಂತಾನ, ಅವನಿಗೆ ಕೊಡೋ ಮುಂಚೆ ಆ ನೀಲಿ ಏನನ್ನ ಹೇಳತೈತಿ ಅಂತ ತಿಳಿಸೋದು ವೆಲ್ಡರ್ ಕೆಲಸ. ಸ್ಟೀಲ್‌ಗೆ ಟೈಟಾನಿಯಂ ನೇರ ವೆಲ್ಡ್ ಮಾಡಬ್ಯಾಡ್ರಿ, ಕೂಡಿದ ಜಾಗಾ ಗಾಜಿನ ಹಂಗ ಒಡೀತೈತಿ. ಸ್ಟೇನ್‌ಲೆಸ್ ಹೆಡರ್‌ಗೆ ಕೂಡಿಸಾಕ ಫ್ಲಾಂಜು, ಇಲ್ಲಾ ಒಂದರೊಳಗೊಂದು ಸರಿಯೋ ಜಾಯಿಂಟ್ ಹಾಕಿ ಸ್ಪ್ರಿಂಗ್ ಹಚ್ರಿ. ಸರಿಯಾಕ ಜಾಗಾ ಬಿಡ್ರಿ, 400 ಡಿಗ್ರಿ ಕಾದ್ರ ಒಂದು ಮೀಟರ್ ಟೈಟಾನಿಯಂ ಪೈಪು ಮೂರೂವರೆ ಮಿ.ಮೀ. ಹತ್ತಿರ ಬೆಳೀತೈತಿ, ಸ್ಟೇನ್‌ಲೆಸ್ ಅದರ ಎರಡು ಪಟ್ಟು ಬೆಳೀತೈತಿ.

ಇನ್ನ ಗಾಡಿಗೆ ಕೂಡ್ಸೋದು. ಟೈಟಾನಿಯಂ ಬೋಲ್ಟ್ ಒಣಾ ಹಾಕಬ್ಯಾಡ್ರಿ, ಥ್ರೆಡ್ ಹತ್ತಿಕೊಂಡು ಬಿಟ್ರ ಪಾನಾ ಹಾಕಿ ಜಗ್ಗಿದ್ರೂ ಬರಂಗಿಲ್ಲ, ಮುರದು ಬರ್ತೈತಿ. ಆ್ಯಂಟಿ ಸೀಝ್ ಪೇಸ್ಟ್ ಹಚ್ಚಿ ಕೈಲೇ ಪೂರಾ ತಿರುಗಿಸ್ರಿ, ಆಮ್ಯಾಲ ಟಾರ್ಕ್ ರೆಂಚು, ಇಂಪ್ಯಾಕ್ಟ್ ಗನ್ ಬ್ಯಾಡ. ಪೇಸ್ಟ್ ಹಚ್ಚಿದ ಮ್ಯಾಲ ಸ್ಟೀಲ್ ಬೋಲ್ಟಿನ ಒಣಾ ಟಾರ್ಕ್ ನಂಬರ್ ಹಾಕಿದ್ರ ಬಿಗಿ ಜಾಸ್ತಿ ಆಗ್ತೈತಿ, ಬೋಲ್ಟ್ ಮಾಡಿದವರು ಕೊಟ್ಟ ನಂಬರ ತಗೋರಿ. ಟೈಟಾನಿಯಂ ತಾನು ತುಕ್ಕು ಹಿಡಿಯಂಗಿಲ್ಲ, ಆದ್ರ ಬಾಜೂಕ ಇರೋ ಅಲ್ಯೂಮಿನಿಯಂ ತಿನ್ನಸ್ತೈತಿ, ನೀರು ನಿಂತ್ರ ಅಲ್ಯೂಮಿನಿಯಂ ಥ್ರೆಡ್ಡು ಬೆಳ್ಳಗ ಪುಡಿ ಆಗ್ತೈತಿ. ಬೆಳಗಾವಿ, ಖಾನಾಪುರದ ಮಳ್ಯಾಗ ಓಡೋ ಗಾಡಿಗೆ, ಅದಕ್ಕಿಂತ ಜಾಸ್ತಿ ಗೋವಾ ಉಪ್ಪು ಗಾಳಿಗೆ ಹೋಗಿ ಬರೋ ಗಾಡಿಗೆ ಪೇಸ್ಟ್ ತಪ್ಪಿಸಬ್ಯಾಡ್ರಿ, ಮಳಿಗಾಲ ಮುಗದ ಮ್ಯಾಲ ಬಿಚ್ಚಿ ನೋಡಿ ಹೊಳ್ಳಿ ಹಚ್ರಿ. ಕೂಡ್ಸಿದ ಮ್ಯಾಲ ಒಂದೆರಡು ಸಲ ಗಾಡಿ ಚೊಲೊ ಕಾದು ತಣ್ಣಗಾದ ಬಳಿಕ ಟಾರ್ಕ್ ಮತ್ತೊಮ್ಮೆ ನೋಡ್ರಿ.

ಬಣ್ಣ ಬೇಕಂದ್ರ ಪೇಂಟ್ ಬ್ಯಾಡ, ಅಡಗಿ ಸೋಡಾ ಕದಡಿದ ನೀರಾಗ ಪಾರ್ಟನ್ನ ಡಿಸಿ ಪ್ಲಸ್‌ಗೆ ಕಟ್ಟಿ, ಮೈನಸ್‌ಗೆ ಸ್ಟೇನ್‌ಲೆಸ್ ತುಂಡು ಇಟ್ರ ಮ್ಯಾಲಿನ ಆಕ್ಸೈಡ್ ಪದರ ದಪ್ಪಾಗಿ ಬಣ್ಣ ಕಾಣ್ತೈತಿ, 27 ವೋಲ್ಟ್ ಸುಮಾರಿಗೆ ನೀಲಿ, 55ರ ಸುಮಾರಿಗೆ ಹಳದಿ. ಮೊದ್ಲು ಎಣ್ಣಿ ಜಿಡ್ಡು ಪೂರಾ ಹೋಗ್ಬೇಕು, ಕೈಗೆ ರಬ್ಬರ್ ಗ್ಲೌಸ್ ಇರ್ಲಿ.

ಕೊನೆಗೆ ಸ್ಕ್ರ್ಯಾಪ್. ಟೈಟಾನಿಯಂ ಚಿಪ್ಸನ್ನ ಕ್ಯಾಸ್ಟ್ ಐರನ್ ಬೋರಿಂಗ್ ಗುಡ್ಡಿಗೆ ಹಾಕಬ್ಯಾಡ್ರಿ. ಆ ಬೋರಿಂಗ್ ಹೊಳ್ಳಿ ಇಲ್ಲೇ ಯಾವುದೋ ಫೌಂಡ್ರಿ ಫರ್ನೇಸಿಗೆ ಹೋಗ್ತೈತಿ, ಎಸ್‌ಜಿ ಐರನ್ (ಗ್ರಾಫೈಟ್ ದುಂಡಗಿರೋ ಕ್ಯಾಸ್ಟ್ ಐರನ್) ಹೊಯ್ಯೋರಿದ್ರ ಟೈಟಾನಿಯಂ ಸ್ವಲ್ಪ ಹೊಕ್ಕರೂ ಗ್ರಾಫೈಟ್ ದುಂಡಗ ಆಗಂಗಿಲ್ಲ, ಹೀಟ್ (ಆ ಸಲ ಕರಗಿಸಿದ ಮಾಲು) ಪೂರಾ ರಿಜೆಕ್ಟ್ ಆಗ್ತೈತಿ, ಯಾಕ ಆತು ಅಂತ ಅವರಿಗೆ ತಿಳಿಯೋದೂ ಇಲ್ಲ. ದಿನಾ ಸಂಜಿಗೆ ಲೇತ್ ತಳದಿಂದ ತಗದು, ಕೂಲಂಟ್ ಬಸದು, ಮುಚ್ಚಳ ಇರೋ ಕಬ್ಬಿಣದ ಡ್ರಮ್‌ನಾಗ ತುಂಬಿ ಮ್ಯಾಲ ಟೈಟಾನಿಯಂ ಅಂತ ದೊಡ್ಡದಾಗಿ ಬರೀರಿ, ಶೆಡ್ಡಿನ ಹೊರಗ ಮಳಿ ಬೀಳದ ಜಾಗದಾಗ ಇಡ್ರಿ, ಗ್ರೈಂಡಿಂಗ್ ಪುಡಿ ಬ್ಯಾರೆ ಡಬ್ಬ್ಯಾಗ ಇರ್ಲಿ. ಗ್ರೇಡ್ ಪ್ರಕಾರ ಬ್ಯಾರೆ ಇಟ್ರ ರೊಕ್ಕನೂ ಚೊಲೊ ಬರ್ತೈತಿ, ಸ್ಕ್ರ್ಯಾಪ್ ತಗೊಳ್ಳೋರು ಸರ್ಟಿಫಿಕೇಟಿನ ಝೆರಾಕ್ಸ್ ಕೇಳ್ತಾರ, ಅದನ್ನ ಡ್ರಮ್ ಜೋಡಿನ ಇಟ್ಟಿರ್ರಿ.